ಒಂದು ತಟ್ಟು, ಎರಡು ತಟ್ಟು

ಗಂಗಯ್ಯನ ಗಂಟಲಲ್ಲಿ ಗೆಡ್ಡೆ ಎದ್ದು ಮಾತು ನಿಂತುಹೋಯಿತು. ಹೊಳೆನರಸೀಪುರದಿಂದ ಅರಕಲಗೂಡಿನ ಮೇಲೆ ರಾಮನಾಥಪುರಕ್ಕೆ ಹೋಗುವ ಬಸ್ಸಿಗೆ ಅವನು ಕಂಡಕ್ಟರು. ಆ ರಸ್ತೆಯ ಉದ್ದಕ್ಕೂ ಅವನ ಗಂಟಲು ಗೊತ್ತಿಲ್ಲದ ಜನ ಇರಲಿಲ್ಲ. ಸಂತೆಯ ಕೋಳಿ, ಹೊಗೆಸೊಪ್ಪಿನ ಮೂಟೆ, ಬಾಣಂತಿ, ಅಮಲ್ದಾರರ ಗುಮಾಸ್ತ, ಎಲ್ಲರನ್ನೂ ಒಂದೇ ದನಿಯಲ್ಲಿ ಗದರಿ ಒಳಕ್ಕೆ ತುಂಬುತ್ತಿದ್ದವನು. ಅಂಥವನ ಬಾಯಿಗೇ ದೇವರು ಬೀಗ ಹಾಕಿದ. ಮೈಸೂರಿನ ಡಾಕ್ಟರು ದೀಪ ಹಿಡಿದು ಗಂಟಲು ನೋಡಿ, ಅವನ ಅಣ್ಣ ಬೋರಪ್ಪನನ್ನು ಪಕ್ಕಕ್ಕೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಅವನು ಇಷ್ಟಪಟ್ಟ ಹಾಗೆ ನೋಡಿಕೊಳ್ಳಿ ಎಂದರು. ಬೋರಪ್ಪ ಅಪ್ಪ ಸತ್ತ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಡಾಕ್ಟರ ಮಾತಿನಲ್ಲಿ ಮೊದಲರ್ಧ ಅವನಿಗೆ ಚೆನ್ನಾಗಿ ಅರ್ಥವಾಯಿತು. ಉಳಿದರ್ಧ ಕಿವಿಗೆ ಬಿತ್ತೋ ಇಲ್ಲವೋ.

ಮಾತು ಹೋದರೂ ಗಂಗಯ್ಯ ಸುಮ್ಮನಿರುವ ಆಸಾಮಿಯಲ್ಲ. ಬಸ್ಸಿನಲ್ಲಿ ಅವನು ತಗಡಿನ ಮೇಲೆ ಒಂದು ತಟ್ಟಿದರೆ ಡ್ರೈವರು ನಿಲ್ಲಿಸಬೇಕು, ಎರಡು ತಟ್ಟಿದರೆ ರೈಟ್, ಹೊರಡಬೇಕು. ಮನೆಯಲ್ಲೂ ಅದನ್ನೇ ಶುರುಮಾಡಿದ. ನಡುಮನೆಯ ಕಂಬದ ಪಕ್ಕ ಮಂಚ, ಕೈಯಲ್ಲೊಂದು ಹಿತ್ತಾಳೆ ಲೋಟ. ಅವನ ಹೆಂಡತಿ ಮಲ್ಲಿಗಮ್ಮ ಪ್ರತಿಯೊಂದಕ್ಕೂ ಅವನನ್ನು ಕೇಳುತ್ತಿದ್ದಳು. ನೀರು ಬೇಕಾ, ಮಗ್ಗುಲು ತಿರುಗಿಸಲಾ, ಮೈ ಒರೆಸಲಾ, ನಿಮ್ಮ ಅಕ್ಕ ಬಂದವ್ಳೆ ಒಳಕ್ಕೆ ಬಿಡಲಾ. ಕಂಬಕ್ಕೆ ಲೋಟ ಒಂದು ಸಲ ಬಿದ್ದರೆ ಬೇಡ, ಎರಡು ಸಲ ಬಿದ್ದರೆ ಸರಿ. ಅಕ್ಕನ ವಿಷಯಕ್ಕೆ ಒಂದೇ ಬಿತ್ತು. ಆ ಹೆಂಗಸು ಜಗಲಿಯಲ್ಲೇ ಅತ್ತು, ಜಗಲಿಯಲ್ಲೇ ಉಂಡು ಹೋದಳು.

ಬೋರಪ್ಪನಿಗೆ ಇದೆಲ್ಲ ಅತಿಯೆನಿಸುತ್ತಿತ್ತು. ಕಾಯಿಲೆಯವರನ್ನು ಕಾಯಿಲೆಯವರು ಎಂದು ನೋಡಿಕೊಳ್ಳಬೇಕು, ಅಭಿಪ್ರಾಯ ಕೇಳುತ್ತ ಕೂರುವುದಕ್ಕೆ ಇದೇನು ಪಂಚಾಯ್ತಿ ಎಲೆಕ್ಷನ್ನೇ ಎಂದು ಅವನ ಗೊಣಗು. ಆದರೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ರಾಮನಾಥಪುರದ ಹೊಳೆಯಿಂದ ನೀರು ತರಿಸಿ ಕುಡಿಸಿದವನು ಅವನೇ.

ಹಾಗಿರುವಾಗ ಒಂದು ದಿನ ಜೋಯಿಸರು ಪಂಚಾಂಗ ತೆಗೆದು ನೋಡಿ ಮುಖ ಸಣ್ಣಗೆ ಮಾಡಿದರು. ಗುರುವಾರದಿಂದ ಐದು ದಿನ ಕೆಟ್ಟ ನಕ್ಷತ್ರ. ಆ ಐದು ದಿನದೊಳಗೆ ಮನೆಯಲ್ಲಿ ಪ್ರಾಣ ಹೋದರೆ ಮನೆ ಬಿಡಬೇಕು. ಹೆಣವನ್ನು ಬಾಗಿಲಲ್ಲಿ ತೆಗೆಯುವ ಹಾಗಿಲ್ಲ, ಗೋಡೆ ಒಡೆದು ತೆಗೆಯಬೇಕು. ಆಮೇಲೆ ಬಾಗಿಲಿಗೆ ಮುಳ್ಳು ಹಾಕಿ, ಮಕ್ಕಳು ಮರಿ ದನ ಕರು ಎಲ್ಲರೂ ಆರು ತಿಂಗಳು ಆಚೆ ಇರಬೇಕು. ಬೋರಪ್ಪನ ಮಗಳು ಪಾರ್ವತಿಗೆ ಚನ್ನರಾಯಪಟ್ಟಣದ ಕಡೆ ಗಂಡು ಗೊತ್ತಾಗಿತ್ತು, ಆ ಮನೆಯ ಮುಂದೆಯೇ ಚಪ್ಪರ ಹಾಕಬೇಕಾಗಿತ್ತು. ಮುಳ್ಳು ಹಾಕಿದ ಮನೆಯಿಂದ ಹೆಣ್ಣು ತೆಗೆದುಕೊಳ್ಳುವ ಬೀಗರು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಇದಕ್ಕೆ ಊರಿನವರು ಹಿಂದಿನಿಂದ ಕಂಡುಕೊಂಡ ಉಪಾಯ ಒಂದಿತ್ತು. ಇನ್ನೇನು ಹೋಗುತ್ತದೆ ಎಂಬ ಜೀವವನ್ನು ಮೊದಲೇ ಎತ್ತಿ ಆಚೆ ಇಟ್ಟುಬಿಡುವುದು. ಕೊಟ್ಟಿಗೆಯೋ, ಕಣದ ಗುಡಿಸಲೋ. ಬೋರಪ್ಪನ ಹಿತ್ತಲಲ್ಲಿ, ರಸ್ತೆಗೆ ಬೆನ್ನು ಹಾಕಿಕೊಂಡು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇತ್ತು. ಎತ್ತರದ ಮಣ್ಣಿನ ಗೋಡೆ, ಒಂದೇ ಬಾಗಿಲು, ಕಿಟಕಿಯಿಲ್ಲ. ನೆಲದ ಮೇಲೆ ಸುತ್ತಲೂ ಬಿಸಿ ಹಾಯುವ ತಗಡಿನ ಕೊಳವೆ. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು.

“ಬ್ಯಾರನ್‌ಗೆ ಆಕನ,” ಎಂದ ಬೋರಪ್ಪ. “ಬೆಚ್ಗಿರ್ತದೆ.”

“ಅವ್ರುನ್ನ ಒಂದ್ ಮಾತು ಕೇಳಿ ಭಾವ,” ಎಂದಳು ಮಲ್ಲಿಗಮ್ಮ.

“ಇದ್ರಾಗೆ ಕೇಳಾದೇನೈತವ್ವ. ಎಲ್ರ ಮನೇಲೂ ಮಾಡಾದೇಯ.”

ಅವಳೇ ಕೇಳಿದಳು. ಬ್ಯಾರನ್‌ಗೆ ಹೋಗಾಣವಾ ಎಂದಳು. ಲೋಟ ಕಂಬಕ್ಕೆ ಬಡಿಯಿತು. ಒಂದು.

ಬೋರಪ್ಪನಿಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಅವನು ಯಾವ ದೇವರ ಮುಂದೆಯೂ ಹೇಳಲಾರ. ಆದರೂ, “ಜರದಾಗೆ ಕೈ ತಪ್ಪಿ ಬಡ್ದೈತೆ,” ಎಂದು ಪಕ್ಕದ ಮನೆಯ ದ್ಯಾವಯ್ಯನಿಗೆ ಕಣ್ಸನ್ನೆ ಮಾಡಿ ಮಂಚದ ಕಾಲು ಹಿಡಿದ. ಮಂಚ ಎದ್ದಿತು. ಕಂಬ ದಾಟುವಾಗ ಗಂಗಯ್ಯ ಕಂಬಕ್ಕೆ ತಟ್ಟಿದ, ಒಂದು. ಬಾಗಿಲವಾಡಕ್ಕೆ ತಟ್ಟಿದ, ಒಂದು. ಹೊಸ್ತಿಲು ದಾಟಿದ ಮೇಲೆ ತಟ್ಟುವುದಕ್ಕೆ ಏನೂ ಸಿಗದೆ ಮಂಚದ ಚೌಕಟ್ಟಿಗೇ ಬಡಿಯತೊಡಗಿದ. ಒಂದು, ಸ್ವಲ್ಪ ತಡೆದು ಮತ್ತೆ ಒಂದು. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೋರಪ್ಪನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಕೈ ಚಾಚಿ ತಮ್ಮನ ಕೈಯಿಂದ ಲೋಟ ಕಿತ್ತುಕೊಂಡುಬಿಟ್ಟ.

ಮಲ್ಲಿಗಮ್ಮ ಅದನ್ನು ನೋಡಿದಳು. ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗಂಡನ ಹಿಂದೆಯೇ ಬ್ಯಾರನ್‌ಗೆ ಹೋಗಿ ಕೂತಳು.

ಮಾರನೆಯ ದಿನ ಬೋರಪ್ಪ ಉಣ್ಣಲು ಕೂತಿದ್ದ. ಮುದ್ದೆ ಮುರಿದು ಬಾಯಿಗಿಡಬೇಕು, ಹಿತ್ತಲ ಕಡೆಯಿಂದ ತಗಡಿನ ಸದ್ದು. ಒಂದೇ. ಅವನ ಹೆಂಡತಿ ಸುಬ್ಬಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ಇಬ್ಬರೂ ಕಾದರು. ಇನ್ನೊಂದು ಬರಲಿಲ್ಲ. ಲೋಟವನ್ನು ಬೋರಪ್ಪ ಕಿತ್ತುಕೊಂಡು ಗೂಡಿನಲ್ಲಿಟ್ಟಿದ್ದ, ಅದು ಅಲ್ಲೇ ಇತ್ತು. ಮತ್ತೆ ಗಂಗಯ್ಯ ಯಾವುದರಲ್ಲಿ ತಟ್ಟುತ್ತಾನೆ ಎಂದು ಇಬ್ಬರಿಗೂ ಅನ್ನಿಸಿತು, ಇಬ್ಬರೂ ಕೇಳಲಿಲ್ಲ. ಅಂದಿನಿಂದ ಬೋರಪ್ಪ ಎತ್ತಿಗೆ ಹುಲ್ಲು ಹಾಕಲು ಬಗ್ಗಿದರೆ ಒಂದು, ತಲೆಗೆ ನೀರು ಹಾಕಿಕೊಳ್ಳುವಾಗ ಒಂದು, ಬೀಗರ ಕಡೆಯವರು ಬಂದು ಎಲೆಯಡಿಕೆ ತಟ್ಟೆಗೆ ಕೈ ಹಾಕುವಾಗ ಒಂದು. ಗೋಡೆಯ ಒಳಗಿರುವವನಿಗೆ ಇವನು ಏನು ಮಾಡುತ್ತಿದ್ದಾನೆಂದು ಹೇಗೆ ಕಾಣುತ್ತಿತ್ತೋ ಶಿವನೇ ಬಲ್ಲ.

ಆಮೇಲೆ ಬಸ್ಸು ನಿಲ್ಲತೊಡಗಿತು.

ಮಧ್ಯಾಹ್ನದ ಬಸ್ಸು ಊರ ಬಾಗಿಲಲ್ಲಿ ಜನ ಇಳಿಸಿ, ಬ್ಯಾರನ್ ಹಿಂದಿನ ರಸ್ತೆಯಲ್ಲಿ ಹಾದುಹೋಗುವುದು ವಾಡಿಕೆ. ಅಲ್ಲಿ ನಿಲ್ದಾಣವಿಲ್ಲ, ಇಳಿಯುವವರಿಲ್ಲ, ಹತ್ತುವವರಿಲ್ಲ. ಒಂದು ದಿನ ಬಸ್ಸು ಅಲ್ಲಿ ಗಕ್ಕನೆ ನಿಂತಿತು. ಹೊಸ ಕಂಡಕ್ಟರು ತಲೆ ಹೊರಗೆ ಹಾಕಿ ಯಾರು ತಟ್ಟಿದ್ದು ಎಂದು ಬೈದ. ಯಾರೂ ತಟ್ಟಿರಲಿಲ್ಲ. ಮೇಲೆ ಬಿಸಿಲು ಸುರಿಯುತ್ತಿತ್ತು, ಎಂಜಿನ್ನು ಗೊರಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಬ್ಯಾರನ್ ಒಳಗಿಂದ ಎರಡು ಸದ್ದು ಬಂತು. ಬಸ್ಸು ಹೊರಟಿತು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನ ಆ ಕಡೆಯ ಸೀಟಿನ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರು.

ಐದು ದಿನ ಕಳೆಯಿತು. ಗಂಗಯ್ಯ ಸಾಯಲಿಲ್ಲ.

ಬೋರಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಯೂ ಉಳಿಯಿತು, ತಮ್ಮನೂ ಉಳಿದ. ಇನ್ನು ವಾಪಸು ತಂದು ಕಂಬದ ಪಕ್ಕ ಮಲಗಿಸಿದರೆ ಎಲ್ಲ ಮೊದಲಿನ ಹಾಗೆ. ಈ ಲೆಕ್ಕಾಚಾರದಲ್ಲಿ ಅವನು ಮರೆತದ್ದು ಒಂದೇ, ಅದನ್ನು ಊರಿನ ಹಿರಿಯ ದೊಡ್ಡಯ್ಯ ಜ್ಞಾಪಿಸಿದ.

“ಸಾವಿಗೆ ಅಂತ ಒಸ್ಲು ದಾಟ್ಸಿದ್ನ ತಿರ್ಗ ಒಸ್ಲೊಳಕ್ಕೆ ತರಾಕಿಲ್ಲ ಕಣ್ಲಾ ಬೋರ. ಅದು ಸಾವ್ನೇ ಕರ್ಕಂಬಂದಂಗೆ.”

“ಅವ್ನಿನ್ನೂ ಬದುಕವ್ನಲ್ಲ ದೊಡ್ಡಯ್ಯ.”

“ನಿನ್ ಲೆಕ್ಕದಾಗೆ ಬದುಕವ್ನೆ. ಊರ ಲೆಕ್ಕದಾಗೆ ಅವ್ನು ಓಗಿ ಐದ್ ದಿನ ಆಯ್ತು.”

ಸುಬ್ಬಮ್ಮನೂ ಅದೇ ಹೇಳಿದಳು. ಕೆಟ್ಟವಳಲ್ಲ ಆಕೆ, ಮೈದುನನಿಗೆ ಎಷ್ಟೋ ವರ್ಷ ಬುತ್ತಿ ಕಟ್ಟಿದವಳು. ಮಗಳ ತಲೆಯ ಮೇಲೆ ಕೈಯಿಟ್ಟು ಬೇಡ ಎಂದಳು. ಬೋರಪ್ಪ ಬಾಯಿ ಮುಚ್ಚಿಕೊಂಡ.

ಊರು ಗಂಗಯ್ಯನನ್ನು ‘ಇದ್ದ’ ಎನ್ನತೊಡಗಿತು. ಒಳ್ಳೆಯ ಕಂಡಕ್ಟರಾಗಿದ್ದ, ಚಿಲ್ಲರೆಗೆ ಮೋಸ ಮಾಡುತ್ತಿರಲಿಲ್ಲ, ಹೀಗೆ. ಬಳೆಗಾರ ಮಲ್ಲಿಗಮ್ಮನನ್ನು ನೋಡಿಯೂ ನೋಡದವನಂತೆ ಮುಂದೆ ಹೋದ. ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಒಂದು ಸಂಜೆ ಯಾರೋ ಪುಣ್ಯಾತ್ಮರು ಬ್ಯಾರನ್ ಬಾಗಿಲ ಮುಂದೆ ಬಾಳೆಲೆ ಹಾಕಿ ಸತ್ತವರಿಗೆ ಇಡುವ ಎಡೆ ಇಟ್ಟುಹೋದರು. ಅನ್ನ, ವಡೆ, ಒಂದು ಬೀಡಿ ಕಟ್ಟು. ಮಲ್ಲಿಗಮ್ಮ ಹೊರಗೆ ಬಂದು ನೋಡಿ, ಎಲೆಯ ಮುಂದೆ ಕೂತು, ಬೀದಿಯವರೆಲ್ಲ ನೋಡುತ್ತಿರುವಾಗ ಅಷ್ಟನ್ನೂ ಉಂಡಳು.

“ಅವ್ರಿಗೆ ನುಂಗಾಕಾಗಾಕಿಲ್ಲ,” ಎಂದಳು ಬಾಯಿ ಒರೆಸಿಕೊಂಡು. “ನಂಗೆ ಅಸಿವಿತ್ತು.”

ಬೋರಪ್ಪ ಬ್ಯಾರನ್ ಒಳಗೆ ಕಾಲಿಡಲಿಲ್ಲ. ಮೊದಲು ನಾಚಿಕೆಗೆ, ಆಮೇಲೆ ಭಯಕ್ಕೆ. ಊರೆಲ್ಲ ಹೇಳಿ ಹೇಳಿ ಅವನಿಗೇ ಅನುಮಾನ ಹತ್ತಿತ್ತು. ಒಳಗೆ ತಟ್ಟುತ್ತಿರುವುದು ಗಂಗಯ್ಯನೋ, ಗಂಗಯ್ಯ ಹೋದ ಮೇಲೆ ಉಳಿದದ್ದೋ. ಗೋಡೆಗೆ ಕಿವಿಯಿಟ್ಟು ನಿಂತರೆ ಉಸಿರಾಡುವ ಸದ್ದಿಲ್ಲ, ಕೆಮ್ಮಿಲ್ಲ, ನರಳುವುದಿಲ್ಲ. ತಣ್ಣನೆಯ ಮಣ್ಣು, ಹಳೆ ಹೊಗೆಸೊಪ್ಪಿನ ಘಾಟು. ಕಿವಿ ತೆಗೆಯಬೇಕು ಅನ್ನುವಷ್ಟರಲ್ಲಿ ಸರಿಯಾಗಿ ಕಿವಿಯ ಹತ್ತಿರವೇ ಒಂದು ತಟ್ಟು. ಬೋರಪ್ಪ ಹಗಲು ಹೊತ್ತಿನಲ್ಲಿ ಮನೆಯವರೆಗೆ ಓಡಿದ್ದನ್ನು ಊರಿನವರು ನೋಡಿದ್ದಾರೆ.

ಬಾವಿಯ ಹತ್ತಿರ ಮಲ್ಲಿಗಮ್ಮ ಸಿಕ್ಕಾಗ, “ಎಂಗವ್ನವ್ವ?” ಎಂದು ಕೇಳಿದ.

“ನನ್ನ ಯಾಕ್ ಕೇಳೀರಿ ಭಾವ. ಒಳಕ್ ಬಂದು ಅವ್ರುನ್ನೇ ಕೇಳಿ. ಯೋಳ್ತಾರೆ.”

ಆ ‘ಯೋಳ್ತಾರೆ’ ಎಂಬ ಮಾತಿಗೆ ಬೋರಪ್ಪ ಬಂದ ದಾರಿಯಲ್ಲೇ ತಿರುಗಿ ನಡೆದ.

ಒಂದು ಮಧ್ಯಾಹ್ನ ಬಸ್ಸು ಎಂದಿನ ಹಾಗೆ ನಿಂತಿತು. ಎಂದಿನ ಹಾಗೆ ಹೊರಡಲಿಲ್ಲ. ಎರಡು ಸದ್ದು ಬರಲಿಲ್ಲ. ಹೊಸ ಕಂಡಕ್ಟರು ತಾನೇ ಎರಡು ತಟ್ಟಿ ನೋಡಿದ, ಡ್ರೈವರು ಕೆಂಚಯ್ಯ ಅಲುಗಲಿಲ್ಲ. ಕೆಂಚಯ್ಯ ಮೊದಲಿನಿಂದ ಗಂಗಯ್ಯನ ಬಸ್ಸಿಗೇ ಡ್ರೈವರಾಗಿದ್ದವನು. ಹಾರನ್ನು ಒತ್ತಿಯೇ ಒತ್ತಿದ. ಬೋರಪ್ಪ ಮನೆಯಿಂದ ರಸ್ತೆಗೆ ಬಂದ.

“ಯಾಕ್ ನಿಲ್ಸಿದ್ದೀಯ ಕೆಂಚಣ್ಣ? ಜನ ಕಾಯ್ತಾವ್ರೆ.”

“ಅವ್ನು ಒಂದು ತಟ್ಟವ್ನೆ, ನಾನ್ ನಿಲ್ಸಿವ್ನಿ,” ಎಂದ ಕೆಂಚಯ್ಯ. ಅವನ ಮುಖದಲ್ಲಿ ಬೆವರಿಳಿಯುತ್ತಿತ್ತು. “ಎಲ್ಡು ತಟ್ಟಗಂಟ ಓಗಾಕಿಲ್ಲ.”

“ಈ ಎಂಜಿನ್ ಸದ್ನಾಗೆ ನಿಂಗೆಂಗ್ಲಾ ಕೇಳ್ತು?”

“ಕಿವೀಗ್ ಕೇಳಾಕಿಲ್ಲ ಬೋರಣ್ಣ. ಕಾಲಿಗ್ ಕೇಳ್ತದೆ. ಬ್ರೇಕಿನ್ ಮ್ಯಾಲೆ ಓಯ್ತದೆ, ತಗ್ಯಾಕಾಗಾಕಿಲ್ಲ. ಒಳಕ್ಕೋಗಿ ನೋಡು, ನಿನ್ ಕಾಲಿಗ್ ಬೀಳ್ತೀನಿ.”

ಬಸ್ಸಿನ ತುಂಬ ಜನ ಬೋರಪ್ಪನನ್ನೇ ನೋಡುತ್ತಿದ್ದರು. ಬುಟ್ಟಿಯಲ್ಲಿದ್ದ ಕೋಳಿಗಳೂ ಸುಮ್ಮನಿದ್ದವು.

ಅವನು ಬ್ಯಾರನ್ ಬಾಗಿಲು ತಳ್ಳಿದ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಮೇಲೆ ಸೊಪ್ಪು ತೂಗುಹಾಕುವ ಗಳುಗಳು ಕತ್ತಲಲ್ಲಿ ಸಾಲು ಸಾಲಾಗಿ ಕಂಡವು. ಆಮೇಲೆ ಚಾಪೆಯ ಮೇಲೆ ಕೂತ ಮಲ್ಲಿಗಮ್ಮ, ಮಂಚ, ಮಂಚದ ಮೇಲೆ ಗಂಗಯ್ಯ. ಕಣ್ಣು ತೆರೆದೇ ಇತ್ತು, ಬಾಗಿಲ ಕಡೆಗೇ ಇತ್ತು. ಇಲ್ಲಿಗೆ ತಂದು ಹಾಕಿದ ದಿನದಿಂದ ಆ ಕಣ್ಣು ಬಾಗಿಲು ಬಿಟ್ಟು ಬೇರೆ ಕಡೆ ಹೋಗಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು. ಬಲಗೈ ಕೆಳಗೆ ಜೋತು ಕೊಳವೆಯ ತಗಡಿಗೆ ತಾಗಿತ್ತು. ಬೆರಳ ಗೆಣ್ಣುಗಳ ಚರ್ಮ ಕಿತ್ತುಹೋಗಿ, ತಗಡಿನ ಮೇಲೆ ರಕ್ತ ಒಣಗಿ ಕಪ್ಪಗಾಗಿತ್ತು. ಸತ್ತವರ ಗೆಣ್ಣು ಕಿತ್ತುಹೋಗುವುದಿಲ್ಲ ಎಂಬ ಸಾದಾ ಮಾತು ಬೋರಪ್ಪನಿಗೆ ಆಗ ಹೊಳೆಯಿತು. ಮಂಚದ ಪಕ್ಕ ನೆಲದ ಮೇಲೆ ಕೂತ.

“ಗಂಗಾ, ಮನೀಗೋಗಾನೇನ್ಲಾ?”

ಅವನು ತಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಅದು. ತಗಡಿನ ಮೇಲಿದ್ದ ಗೆಣ್ಣು ಎದ್ದಿತು. ಎರಡು.

ಹೊರಗೆ ರಸ್ತೆಯಲ್ಲಿ ಬಸ್ಸು ಹೊರಟಿತು.

ಬೋರಪ್ಪ ತಮ್ಮನನ್ನು ಹೆಗಲಿಗೆ ಹಾಕಿಕೊಂಡ. ಒಂದು ಹೊರೆ ಒಣಹುಲ್ಲಿನಷ್ಟೂ ಭಾರವಿರಲಿಲ್ಲ. ಅಂಗಳಕ್ಕೆ ಬರುವಷ್ಟರಲ್ಲಿ ದೊಡ್ಡಯ್ಯ, ದ್ಯಾವಯ್ಯ, ಬೀದಿಯ ಅರ್ಧ ಜನ ಸೇರಿದ್ದರು. ಸುಬ್ಬಮ್ಮ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದಳು.

“ಬಾಗ್ಲಾಗ್ ಬ್ಯಾಡ ಬೋರ,” ಎಂದ ದೊಡ್ಡಯ್ಯ. “ಆಗಿದ್ದಾಗ್ಲಿ, ಗ್ವಾಡೆ ಒಡ್ದು ಒಳಕ್ ತಕೋ. ಎಣ ತಗಿಯೋ ದಾರಿ ಅದು, ಅದ್ಕೆ ದೋಸ ಇಲ್ಲ. ಆಮ್ಯಾಕೆ ಮೆತ್ಕಂಡ್ರಾಯ್ತು.”

ಬೋರಪ್ಪನಿಗೆ ಇದು ಸರಿಯೆನಿಸಿತು. ಎಲ್ಲರ ಮಾತೂ ಉಳಿಯುತ್ತದೆ, ತಮ್ಮನೂ ಒಳಗೆ ಬರುತ್ತಾನೆ, ಮಗಳ ಮದುವೆಗೂ ಅಡ್ಡಿಯಿಲ್ಲ. ದ್ಯಾವಯ್ಯ ಹಾರೆ ತಂದ. ಬೋರಪ್ಪ ತಮ್ಮನನ್ನು ಹೆಗಲ ಮೇಲಿಟ್ಟುಕೊಂಡೇ ಗೋಡೆಯ ಹತ್ತಿರ ಹೋಗಿ, ಇಲ್ಲಿ ಬೇಡ, ಅಲ್ಲಿ ಒಡಿ ಎಂದು ಜಾಗ ತೋರಿಸುತ್ತಿದ್ದ. ಮಲ್ಲಿಗಮ್ಮ ಸುಮ್ಮನೆ ಅವನ ಮುಖವನ್ನೇ ನೋಡುತ್ತಿದ್ದಳು. ಬೋರಪ್ಪನ ಮಾತು ಅರ್ಧಕ್ಕೆ ನಿಂತಿತು.

“ಗ್ವಾಡೆ ಒಡ್ದು ತಕ್ಕಳಾನೇನ್ಲಾ?” ಎಂದು ಕೇಳಿದ.

ಬರಿಯ ಬೆನ್ನಿನ ಮೇಲೆ ಬೆರಳು ಬಿತ್ತು. ಒಂದು.

“ಬಾಗ್ಲಾಗಾ?”

ಎರಡು. ಎರಡನೆಯದು ಜೋರಾಗಿಯೇ ಬಿತ್ತು.

ಬೋರಪ್ಪ ಹಾರೆ ಹಿಡಿದವನನ್ನು ಬಿಟ್ಟು ಬಾಗಿಲಿಗೆ ಬಂದ. “ದಾರಿ ಬುಡು ಸುಬ್ಬಿ. ಅವ್ನು ಬಾಗ್ಲಾಗೇ ಬತ್ತಾನಂತೆ,” ಎಂದ. ಸುಬ್ಬಮ್ಮ ಅವನ ಕಣ್ಣು ನೋಡಿ ಕೈ ಇಳಿಸಿದಳು. ಹೊಸ್ತಿಲು ದಾಟುವಾಗ ಜನರೆಲ್ಲ ಉಸಿರು ಹಿಡಿದಿದ್ದರು. ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅವರಿಗೆ ಇನ್ನೂ ಹೆದರಿಕೆಯಾಗಿ ಒಬ್ಬೊಬ್ಬರೇ ಕರಗಿಹೋದರು.

ಸುಬ್ಬಮ್ಮ ಅಳುತ್ತಲೇ ಮಗಳನ್ನು ಕರೆದುಕೊಂಡು ಚನ್ನರಾಯಪಟ್ಟಣದ ತವರಿಗೆ ಹೋದಳು. ಮದುವೆ ಅಲ್ಲೇ ಆಗಲಿ, ಇಲ್ಲದಿದ್ದರೆ ಇವಳ ಬಾಳು ಏನಾಗಬೇಕು ಎಂದಳು. ಅವಳ ಮಾತೂ ಸುಳ್ಳಲ್ಲ. ಮನೆಯಲ್ಲಿ ಮೂವರು ಉಳಿದರು. ಆ ಮನೆಗೆ ಬೆಂಕಿ ಕೇಳಲು, ಮಜ್ಜಿಗೆ ಕೇಳಲು ಯಾರೂ ಬರಲಿಲ್ಲ. ಬೀದಿ ನಾಯಿಗಳು ಕೂಡ ಜಗಲಿ ಹತ್ತುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸು ಈಗ ನಿಲ್ಲದೆ ಹೋಗುತ್ತಿತ್ತು.

ಬೋರಪ್ಪ ಕೇಳುವುದನ್ನು ಕಲಿತ. ಕಲಿತವನು ಅತಿಯಾಗಿಯೇ ಕೇಳುತ್ತಿದ್ದ. ದಿಂಬು ಎತ್ಲಾ, ಬಾಗ್ಲು ಮುಂದಕ್ ಆಕ್ಲಾ, ನೊಣ ಓಡುಸ್ಲಾ. ಗಂಗಯ್ಯ ಬೇಸತ್ತು ಮಂಚದ ಚೌಕಟ್ಟಿಗೆ ಒಂದು ಬಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಲ್ಲಿಗಮ್ಮ ಎಷ್ಟೋ ದಿನಕ್ಕೆ ನಕ್ಕಳು. ಡಾಕ್ಟರು ಕೊಟ್ಟ ನೋವಿನ ಔಷಧಿ ಬೇಕಾ ಎಂದರೆ ಕೆಲವು ಸಲ ಎರಡು, ಕೆಲವು ಸಲ ಒಂದು. ನೋವಿನಲ್ಲಿ ಮುಖ ಕಿವುಚುತ್ತಿದ್ದರೂ ಒಂದು ಬಿದ್ದರೆ ಬೋರಪ್ಪ ಸೀಸೆಯನ್ನು ಕೆಳಗಿಟ್ಟು ಅದನ್ನು ನೋಡುತ್ತ ಕೂರುತ್ತಿದ್ದ. ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಆ ಮಧ್ಯಾಹ್ನ ಗಾಳಿ ಇರಲಿಲ್ಲ. ಗಂಗಯ್ಯನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಮಲ್ಲಿಗಮ್ಮ ಒಂದು ಕಡೆ, ಬೋರಪ್ಪ ಇನ್ನೊಂದು ಕಡೆ. ಜೋಯಿಸರನ್ನು ಕರೆಯುವ ಯೋಚನೆ ಬೋರಪ್ಪನಿಗೆ ಬರಲಿಲ್ಲ, ಅಂದು ಯಾವ ನಕ್ಷತ್ರವೋ ಅವನು ಕೇಳಲಿಲ್ಲ. ಅವನ ಎದೆಯಲ್ಲಿ ಬೇರೆ ಒಂದು ಪ್ರಶ್ನೆ ಕೂತು ಕೊರೆಯುತ್ತಿತ್ತು. ಇಷ್ಟು ದಿನ ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೇಳಿದ್ದ.

“ನನ್ ಮ್ಯಾಲೆ ಸಿಟ್ಟೈತೇನ್ಲಾ ಗಂಗಾ?”

ಗಂಗಯ್ಯ ಕಣ್ಣು ತೆರೆದು ಅಣ್ಣನನ್ನು ನೋಡಿದ. ಬೆರಳು ಮಂಚದ ಚೌಕಟ್ಟಿನ ಮೇಲೆ ಎದ್ದಿತು.

ಒಂದು. ಬೋರಪ್ಪನ ಉಸಿರು ಸಡಿಲವಾಯಿತು.

ಎರಡು.

ಬೋರಪ್ಪ ತಲೆ ತಗ್ಗಿಸಿದ. ಇಲ್ಲ ಎನ್ನುತ್ತಾನೆಂದು ಅವನು ನಂಬಿದ್ದ. ಸಾಯುವ ಹೊತ್ತಿನಲ್ಲಿ ಯಾರಾದರೂ ಹಾಗೇ ಅನ್ನುತ್ತಾರೆ, ಅನ್ನಲೇಬೇಕು ಎಂದುಕೊಂಡಿದ್ದ. ಕಣ್ಣಿನಿಂದ ನೀರು ಸುರಿದು ಪಂಚೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಷ್ಟು ಹೊತ್ತು ಹಾಗಿದ್ದನೋ. ತನ್ನ ಮುಖ ನೋಡುತ್ತ ತಮ್ಮ ಹೋಗುವುದು ಬೇಡವೆನಿಸಿತು ಅವನಿಗೆ. ತಲೆ ಎತ್ತದೆಯೇ ಕೇಳಿದ.

“ಅಂಗಾರೆ ನಾನ್ ಆಚೀಗೋಗ್ಲಾ?”

ಮರದ ಮೇಲೆ ಸದ್ದಾಯಿತು. ಒಂದು. ಅವನು ಕಾದ. ಇನ್ನೊಂದು ಬರಲಿಲ್ಲ.

ತಲೆ ಎತ್ತಿ ನೋಡಿದರೆ ಗಂಗಯ್ಯನ ಎರಡೂ ಕೈ ಮಲ್ಲಿಗಮ್ಮನ ಮಡಿಲಲ್ಲಿದ್ದವು. ಅವಳು ಅವನ್ನು ಭದ್ರವಾಗಿ ಹಿಡಿದುಕೊಂಡಿದ್ದಳು. ಅವನ ಕಣ್ಣುಗಳನ್ನು ಆಗಲೇ ಮುಚ್ಚಿದ್ದಳು. ಎದೆ ಏಳುತ್ತಿರಲಿಲ್ಲ, ಎಷ್ಟೋ ಹೊತ್ತಿನಿಂದ ಎದ್ದಿರಲಿಲ್ಲ.

“ಕೇಳುಸ್ತಾ ಭಾವ?” ಎಂದಳು ಮಲ್ಲಿಗಮ್ಮ.

“ಊಂ.”

“ಅಂಗಾರೆ ಕೂತ್ಕಳಿ.”

ಬೋರಪ್ಪ ಕೂತ.